ವಾಚನಾಲಯದ ವಾಟಣಿ

ಜಗತ್ತಿನಲ್ಲಿ ಕೆಟ್ಟ ಜನರಿಂದ ಆದ ಅನಾಹುತ ಎಷ್ಟೋ, ಸಭೆಯಲ್ಲಿ ಕೈಕಟ್ಟಿ ಕೂರಲಾಗದ ಒಳ್ಳೆಯ ಜನರಿಂದ ಆದ ಅನಾಹುತ ಅದರ ಎರಡು ಪಟ್ಟು. ನಮ್ಮ ಕುಂಥುನಾಥ ಭಾಳ ಒಳ್ಳೆಯ ಮನುಷ್ಯ. ಅದಕ್ಕೇ ಈ ಕಥೆ ಹೇಳಬೇಕಾಗಿ ಬಂತು.

ಇಚಲಕರಂಜಿಯ ಶಹಾಪುರದಲ್ಲಿ, ಪವರ್‌ಲೂಮ್ ಶೆಡ್ಡುಗಳ ಖಟಪಟದ ನಡುವೆ, ಭೂಪಾಲಪ್ಪ ವಾಚನಾಲಯ ಎಂಬುದೊಂದು ಉದ್ದನೆಯ ಹಾಲ್. ಒಂದು ಗೋಡೆಗೆ ಕನ್ನಡ ಪುಸ್ತಕ, ಎದುರಿನ ಗೋಡೆಗೆ ಮರಾಠಿ, ನಡುವೆ ನಾಲ್ಕು ಬಾಕು. ಕುಂಥುನಾಥ ಇಪ್ಪತ್ತೆರಡು ವರ್ಷದಿಂದ ಅಲ್ಲಿನ ಗ್ರಂಥಪಾಲ. ಬೀಗ ತೆಗೆಯುವವನೂ ಅವನೇ, ಧೂಳು ಹೊಡೆಯುವವನೂ ಅವನೇ, ಕೇಳಿದ ಪುಸ್ತಕ ಸಿಗದಿದ್ದರೆ "ಅದು ಇಲ್ರೀ, ಇದನ್ನ ಓದ್ರಿ, ಇದೂ ಅಷ್ಟ ದಪ್ಪ ಐತಿ" ಎಂದು ಬೇರೆಯದನ್ನು ಕೈಗಿಡುವವನೂ ಅವನೇ.

ಒಂದು ಸೋಮವಾರ ಕೊಲ್ಲಾಪುರದಲ್ಲಿ ಗ್ರಂಥಪಾಲರ ಸಭೆ ನಡೆಯಿತು. ಹೊಸದಾಗಿ ಬಂದ ಅಧಿಕಾರಿ ಶೀತಲ ಮ್ಯಾಡಮ್ ಮರಾಠಿಯಲ್ಲಿ ಒಬ್ಬೊಬ್ಬರನ್ನೇ ವಿಚಾರಿಸುತ್ತ ಬಂದರು. ಜಯಸಿಂಗಪುರದ ಗ್ರಂಥಪಾಲ ಎದ್ದು, ತಮ್ಮ ವೆಬ್‌ಸೈಟನ್ನು ಪುಣೆಯ ಕಂಪನಿ ಮಾಡಿಕೊಟ್ಟಿದೆ ಎಂದು ಹೇಳಿ, ಮೀಸೆ ಇಲ್ಲದಿದ್ದರೂ ಮೀಸೆಯ ಜಾಗದ ಮೇಲೆ ಕೈಯಾಡಿಸಿಕೊಂಡ. ಮ್ಯಾಡಮ್‌ಗೆ ಅದು ಸೇರಲಿಲ್ಲ. "ಯಾವ ವಿಷಯ ಯಾವುದರ ಕೆಳಗೆ ಇರಬೇಕು ಅಂತ ಕಂಪನಿ ಹೇಳಿತು, ಸರಿ. ಓದುವವರನ್ನು ಯಾರಾದರೂ ಕೇಳಿದ್ದೀರಾ?" ಎಂದರು.

ಎಲ್ಲರೂ ತಲೆ ಬಗ್ಗಿಸಿ ತಮ್ಮ ತಮ್ಮ ಫೈಲಿನ ದಾರ ಬಿಚ್ಚಿ ಕಟ್ಟತೊಡಗಿದರು. ಬಗ್ಗಿದ ಆ ತಲೆಗಳ ನಡುವೆ ಒಂದೇ ಒಂದು ಕೈ ಮೇಲೆದ್ದಿತು. ಅದು ಯಾರದು ಎಂದು ಕುಂಥುನಾಥ ತಾನೂ ತಿರುಗಿ ನೋಡಿದ. ನೋಡಿದರೆ ತನ್ನದೇ!

"ಆಮ್ಹಿ ವಿಚಾರತೋ, ಮ್ಯಾಡಮ್!" ಎಂದುಬಿಟ್ಟ. ನಾವು ಕೇಳ್ತೀವಿ! "ನಮ್ಮಲ್ಲಿ ಓದುಗರೇ ಕೂತು ಎಲ್ಲಾ ಜೋಡಿಸಿ ಕೊಡುತ್ತಾರೆ" ಎಂದು ಮರಾಠಿಯಲ್ಲೇ ಸೇರಿಸಿದ.

ಮ್ಯಾಡಮ್ ಮುಖ ಅರಳಿತು. "ಹಾಗಿದ್ದರೆ ಭಾನುವಾರ ನಾನೇ ಬರುತ್ತೇನೆ. ನನ್ನ ಮುಂದೆ ಇನ್ನೊಮ್ಮೆ ಮಾಡಿ ತೋರಿಸಿ" ಎಂದು ಡೈರಿಯಲ್ಲಿ ಬರೆದುಕೊಂಡರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಸ್ಸಿನಲ್ಲಿ ಊರಿಗೆ ಬರುವ ತನಕ ಕುಂಥುನಾಥ ತನ್ನ ಬಲಗೈಯನ್ನು ಪೃಷ್ಠದ ಕೆಳಗೆ ಹಾಕಿಕೊಂಡು ಕೂತಿದ್ದ.

ವೆಬ್‌ಸೈಟ್ ಇರಲಿಲ್ಲ ಎಂದಲ್ಲ. ಅವನ ಅಣ್ಣನ ಮಗಳು ಪ್ರಿಯದರ್ಶನಿ, ಕೊಲ್ಲಾಪುರದಲ್ಲಿ ಕಂಪ್ಯೂಟರ್ ಕಲಿಯುವಾಕೆ, ಹಿಂದಿನ ವರ್ಷ, ಯಾವ ಓದುಗರನ್ನೂ ಕೇಳದೆ, ಒಂದನ್ನು ಮಾಡಿಕೊಟ್ಟಿದ್ದಳು. ತೆರೆದರೆ ಮೇಲ್ಗಡೆ ನಾಲ್ಕು ಬಾಗಿಲು: ಅಧ್ಯಕ್ಷರ ಫೋಟೋ, ಅಧ್ಯಕ್ಷರ ಸಂದೇಶ, ಅಧ್ಯಕ್ಷರ ಸತ್ಕಾರ, ಇತರೆ. ಪುಸ್ತಕಗಳು 'ಇತರೆ'ಯಲ್ಲಿದ್ದವು.

ಅಧ್ಯಕ್ಷ ಬಾಬಾಸಾಹೇಬರಿಗೆ ಸುದ್ದಿ ಮುಟ್ಟಲು ಹೊತ್ತು ಹಿಡಿಯಲಿಲ್ಲ. ಹಾಲ್ ಕಟ್ಟಿಸಿದ ಭೂಪಾಲಪ್ಪನವರ ಮೊಮ್ಮಗ ಅವರು. ಊರಿನ ಬಸ್ ಸ್ಟಾಪಿನ ಬಾಕಿನಿಂದ ಹಿಡಿದು ನೀರಿನ ಟಾಕಿಯ ತನಕ ಅವರ ಹೆಸರು ಕೆತ್ತದ ಕಲ್ಲಿಲ್ಲ. ಕುಂಥುನಾಥನನ್ನು ಕರೆಸಿ, ಬಾಗಿಲು ಮುಂದೆ ಮಾಡಿ ಹೇಳಿದರು:

"ನೋಡು ಕುಂಥು, ನನ್ನ ತಮ್ಮನ ಮಗ ಅಮೋಲ ಜಿಮ್ ಹಾಕ್ತೀನಿ ಅಂತ ಕುಂತಾನ. ಅಂವಗ ಈ ಹಾಲ್ ಬೇಕು. ನಾ ಇಷ್ಟ ದಿವಸ ತಡದೀನಿ. ಮ್ಯಾಡಮ್ ಚಲೋ ಷರಾ ಬರದ್ರ ವಾಚನಾಲಯ ಇರತೈತಿ. ವಾಂಕಡಾ ಬರದ್ರ ಒಂದನೇ ತಾರೀಕಿಂದ ಪುಸ್ತಕಾ ಎಲ್ಲಾ ಗೋಣಿಚೀಲದಾಗ. ಮತ್ತ, ಈ ಮಾತು ಯಾರ ಮುಂದೂ ಆಡಬ್ಯಾಡ."

ಇಪ್ಪತ್ತೆರಡು ವರ್ಷದ ಪುಸ್ತಕಗಳು ಗೋಣಿಚೀಲದಲ್ಲಿ! ಕುಂಥುನಾಥ ಯಾರ ಮುಂದೂ ಆಡಲಿಲ್ಲ. ಆದರೆ ಶುಕ್ರವಾರ ಅಮೋಲ ತಾನೇ ಬಂದು, ಓದುತ್ತ ಕೂತವರ ತಲೆಯ ಮೇಲೆ ಟೇಪು ಹಿಡಿದು, ಕನ್ನಡಿ ಹಚ್ಚಲು ಗೋಡೆ ಅಳೆದುಕೊಂಡು ಹೋದ. ಊರಿಗೆ ಅಷ್ಟು ಸಾಕು.

ಪ್ರಿಯದರ್ಶನಿ ಫೋನಿನಲ್ಲಿ ಕಾಕಾನಿಗೆ ಪಾಠ ಹೇಳಿದಳು. "ವಾಚನಾಲಯದಾಗ ಏನೇನ ಐತಿ, ಒಂದೊಂದು ಚೀಟಿ ಮ್ಯಾಲ ಬರೀರಿ ಕಾಕಾ. ಜಮಖಾನಿ ಮ್ಯಾಲ ಹರವಿ, ಯಾವುದರ ಜೋಡಿ ಯಾವುದು ಇರಬೇಕು ಅಂತ ಓದುಗರಿಗೇ ಗುಂಪು ಮಾಡಾಕ ಹಚ್ಚರಿ. ಹೆಸರೂ ಅವರೇ ಇಡಲಿ. ಆದ್ರ ನೀವು ನಡುವ ಒಂದಕ್ಷರ ಮಾತಾಡಬಾರ್ದು. ಹೌದು ಅನಬಾರ್ದು, ಅಲ್ಲ ಅನಬಾರ್ದು. ನೀವು ಬಾಯಿ ಹಾಕಿದ್ರ ಅದು ಓದುಗರದು ಆಗಂಗಿಲ್ಲ, ನಿಮ್ಮದು ಆಗತೈತಿ. ಮ್ಯಾಡಮ್ ಇದನ್ನ ನೋಡತಾರ."

ಪಕ್ಕದಲ್ಲಿ ರೊಟ್ಟಿ ತಟ್ಟುತ್ತಿದ್ದ ಹೆಂಡತಿ ಕಾಂಚನ ನಕ್ಕಳು. "ಇವರು? ಮಾತಾಡದ ಇರತಾರ? ದಶಲಕ್ಷಣ ಪರ್ವದಾಗ ಮೌನ ಹಿಡದಾಗೂ ಕೈಸನ್ನಿಲೇ ನನ್ನ ಜೋಡಿ ಜಗಳಾ ಮಾಡತಾರ!"

"ಈ ಸಲ ನೋಡು" ಎಂದ ಕುಂಥುನಾಥ. ಪಾಪ, ಆ ಮಾತನ್ನು ಅವನು ಉಳಿಸಿಕೊಂಡ. ಅನಾಹುತ ಆದದ್ದೇ ಅದರಿಂದ.

ಭಾನುವಾರ ಹನ್ನೊಂದಕ್ಕೆ ಹಾಲಿನ ನಡುವೆ ಜಮಖಾನೆ ಹಾಸಿತ್ತು. ಅದರ ಮೇಲೆ ಮೂವತ್ತೆಂಟು ಚೀಟಿ. ಕಾದಂಬರಿ, ಪತ್ತೇದಾರಿ, ದಿನಪತ್ರಿಕೆ, ರಾಶಿಭವಿಷ್ಯ, ಕಬ್ಬಿನ ಬೇಸಾಯ, ಮನೆಮದ್ದು, ಧರ್ಮ, ಸ್ಪರ್ಧಾ ಪರೀಕ್ಷೆ, ಸದಸ್ಯತ್ವ, ದೂರು, ಹೀಗೆ. ಜೊತೆಗೆ ಹಳೆಯ ವೆಬ್‌ಸೈಟಿನ ಮರ್ಯಾದೆಗಾಗಿ ಅಧ್ಯಕ್ಷರ ಮೂರು ಚೀಟಿ. ಮ್ಯಾಡಮ್ ಮೂಲೆಯ ಕುರ್ಚಿಯಲ್ಲಿ ಪೆನ್ಸಿಲ್ ಹಿಡಿದು ಕೂತರು. ಓದುಗರು ಸುತ್ತಲೂ ನೆರೆದರು. ಕುಂಥುನಾಥ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದ:

"ವಾಚನಾಲಯದಾಗ ಇದ್ದದ್ದೆಲ್ಲಾ ಈ ಚೀಟಿ ಮ್ಯಾಲ ಐತ್ರಿ. ನಿಮಗ ಬರೋಬರ ಕಂಡಂಗ ನೀವ ಬ್ಯಾರೆ ಬ್ಯಾರೆ ಮಾಡ್ರಿ. ಯಾವ ಗುಂಪಿಗೆ ಯಾವ ಹೆಸರು ಅಂತ ನೀವ ಬರೀರಿ. ನಾ ನಡುವ ಬಾಯಿ ಹಾಕಂಗಿಲ್ಲ."

ಇಷ್ಟು ಹೇಳಿ ತುಟಿ ಬಿಗಿದು ನಿಂತ.

ಈ ಮಾತಿನಲ್ಲಿ ಒಂದಾದರೂ ಸುಳ್ಳಿದೆಯೇ? ಇಲ್ಲ. ಆದರೆ ಶಹಾಪುರದಲ್ಲಿ ಜಮಖಾನೆ ಹಾಸಿ, ಮನೆಯ ಪ್ರತಿ ವಸ್ತುವನ್ನೂ ಚೀಟಿಯಲ್ಲಿ ಬರೆದು, ನಾಲ್ಕು ಜನರ ಮುಂದೆ "ನೀವೇ ಬೇರೆ ಮಾಡಿರಿ, ನಾ ಬಾಯಿ ಹಾಕೋದಿಲ್ಲ" ಎನ್ನುವ ಪ್ರಸಂಗ ಒಂದೇ ಒಂದು. ಅಣ್ಣತಮ್ಮಂದಿರು ಪಾಲಾಗುವ ಪ್ರಸಂಗ, ವಾಟಣಿ! ಅದರ ಮೇಲೆ ಮೊನ್ನೆ ಅಮೋಲನ ಟೇಪು ಎಲ್ಲರ ತಲೆಯ ಮೇಲೆ ಹಾದುಹೋಗಿದೆ. ಇನ್ನೇನು ಉಳಿಯಿತು?

ಮೊದಲು ಎದ್ದವರು ಬಾಳಗೊಂಡ ಮಾಸ್ತರು. ವಯಸ್ಸು ಎಪ್ಪತ್ತೆಂಟು, ಊರಿನ ಮೂವತ್ತು ವಾಟಣಿಗಳಲ್ಲಿ ಪಂಚರಾಗಿ ಕೂತ ಅನುಭವಸ್ಥರು. ಟೋಪಿ ತೆಗೆದು, ಮತ್ತೆ ಹಾಕಿಕೊಂಡು, ನಡುಗುವ ದನಿಯಲ್ಲಿ ಕೇಳಿದರು: "ಹೌದೇನೋ ಕುಂಥು? ಇಲ್ಲಿಗೆ ಬಂತೇನು?"

ಕುಂಥುನಾಥನಿಗೆ ಏನು ಕೇಳುತ್ತಿದ್ದಾರೆಂದು ತಿಳಿಯಲಿಲ್ಲ. ತಿಳಿದಿದ್ದರೂ ಹೌದು ಅನ್ನುವಂತಿಲ್ಲ, ಅಲ್ಲ ಅನ್ನುವಂತಿಲ್ಲ. ಮೂಲೆಯಲ್ಲಿ ಪೆನ್ಸಿಲ್ ಕಾದು ಕೂತಿದೆ. ಸುಮ್ಮನೆ ತಲೆ ತಗ್ಗಿಸಿದ. ನಮ್ಮ ಕಡೆ ತಲೆ ತಗ್ಗಿಸಿದರೆ ಏನರ್ಥ ಎಂದು ಹಾಲಿನಲ್ಲಿದ್ದ ಎಲ್ಲರಿಗೂ ಗೊತ್ತು.

"ಅಯ್ಯ ನನ ಶಿವನ!" ಎಂದು ಕಲ್ಲವ್ವ ಎದೆಗೆ ಕೈ ಒತ್ತಿಕೊಂಡಳು. ಲೂಮಿನಲ್ಲಿ ನೂಲು ಸುತ್ತುವ ಕೆಲಸದ ಕಲ್ಲವ್ವ, ಪಾಳಿ ಮುಗಿಸಿ ದಿನಾ ಬಂದು ಪತ್ತೇದಾರಿ ಕಾದಂಬರಿ ಓದುವಾಕೆ. "ಖೂನಿ ಮಾಡಿದಾಂವ ಇನ್ನ ಸಿಕ್ಕಿಲ್ಲ, ಅಷ್ಟರಾಗ ಬಾಗಲಾ ಹಾಕತಾರ? ಇಂಥಾ ಅನ್ಯಾಯ ಎಲ್ಲ್ಯರ ಐತೇನ್ರಿ?"

"ಅಳಬ್ಯಾಡ್ರಿ ಕಲ್ಲವ್ವಾರ" ಎಂದರು ಮಾಸ್ತರು. "ಅಳೂದ್ರಿಂದ ಪಾಲು ಕಡಿಮಿ ಆಗತಾವ. ಬರ್ರಿ, ಧರ್ಮದಿಂದ ಮಾಡೂಣು. ಹಿರಿಯಾಂವ ಪಾಲು ಹಾಕಬೇಕು, ಕಿರಿಯಾಂವ ಮೊದಲ ಆರಸಬೇಕು. ಹಾಕೂದು ನಾ. ಕಿರಿಯಾಂವ ಯಾರು?"

ಆರು ವರ್ಷದಿಂದ ಸರಕಾರಿ ನೌಕರಿಯ ಪರೀಕ್ಷೆಗೆ ಓದುತ್ತ ಅದೇ ಬಾಕಿನಲ್ಲಿ ಕೂತಿದ್ದ ವಿಕಾಸ ಮುಂದೆ ಬಂದ. "ನಾ ಕಿರಿಯಾಂವ. ನನಗ ಇಪ್ಪತ್ತೊಂಬತ್ತು."

"ವಯಸ್ಸಿನ್ದು ಯಾರ ಕೇಳತಾರ?" ಕಲ್ಲವ್ವನ ಕಣ್ಣೀರು ತಟಕ್ಕನೆ ಬತ್ತಿತು. "ಈ ಮನ್ಯಾಗ ಕಡೀಕ ಬಂದಾಕಿ ನಾ. ಸದಸ್ಯ ಆಗಿ ಎರಡ ತಿಂಗಳಾತು. ನಾನ ಕಿರಿಯಾಕಿ!"

ಪಂಚರು ಕಣ್ಣು ಮುಚ್ಚಿ ವಿಚಾರ ಮಾಡಿದರು. "ಆಕೀ ಮಾತು ಖರೆ ಐತಿ" ಎಂದು ತೀರ್ಪು ಕೊಟ್ಟರು.

ಆಮೇಲೆ ನಡೆದ ಒಂದು ತಾಸನ್ನು ನೆನೆದರೆ ಕುಂಥುನಾಥನಿಗೆ ಈಗಲೂ ಬೆವರು ಬರುತ್ತದೆ. ಅಷ್ಟು ಹೊತ್ತಿಗೆ ಅವನಿಗೂ ಎಲ್ಲ ತಿಳಿದಿತ್ತು. "ಇದು ವಾಟಣಿ ಅಲ್ರೋ, ವೆಬ್‌ಸೈಟು!" ಎಂದು ಒಂದು ಸಲ ಕೂಗಿದ್ದರೆ ಸಾಕಿತ್ತು. ಕೂಗಿದರೆ ಷರಾ ವಾಂಕಡಾ, ಪುಸ್ತಕ ಗೋಣಿಚೀಲದಲ್ಲಿ. ಕೂಗದಿದ್ದರೆ ಇವರೇ ಹಂಚಿಕೊಂಡು ಹೊತ್ತೊಯ್ಯುತ್ತಾರೆ. ಅವನು ಕರವಸ್ತ್ರವನ್ನೇ ಬಾಯಲ್ಲಿ ತುರುಕಿಕೊಂಡ. ಅವನಿಗಿದ್ದ ಧೈರ್ಯ ಒಂದೇ: ಜನ ಜಗಳಾಡುತ್ತಿರುವುದು ಕನ್ನಡದಲ್ಲಿ, ಮ್ಯಾಡಮ್ ಮರಾಠಿಯವರು. ಅವರ ಪೆನ್ಸಿಲ್ ಮಾತ್ರ ಸರಸರ ಓಡುತ್ತಿತ್ತು.

ಕಬ್ಬಿನ ರೈತ ಜಿನಗೊಂಡ ದಿನಪತ್ರಿಕೆ, ಬೇಸಾಯ, ಮಾರುಕಟ್ಟೆ ದರ ಮೂರನ್ನೂ ಸೇರಿಸಿ ಮೊಣಕಾಲ ಕೆಳಗೆ ಒತ್ತಿಟ್ಟುಕೊಂಡ. ಕಲ್ಲವ್ವ ಪತ್ತೇದಾರಿ, ಮನೆಮದ್ದು, ದೂರು ಆರಿಸಿಕೊಂಡಳು. ದೂರು ಯಾಕೆಂದು ಕೇಳಿದ್ದಕ್ಕೆ, "ಎಲ್ಲಾರೂ ನನ್ನ ಮುಂದನ ಹೇಳತಾರ, ಮತ್ತ ಯಾರ ಕಡೆ ಇಡತೀರಿ?" ಎಂದಳು. ಯಾರೂ ಎದುರಾಡಲಿಲ್ಲ, ಅದು ನಿಜವಾಗಿತ್ತು. ವಿಕಾಸ ಸ್ಪರ್ಧಾ ಪರೀಕ್ಷೆಯ ಜೊತೆಗೆ ಗಣಿತವನ್ನೂ ನಕಾಶೆಯನ್ನೂ ಎಳೆದುಕೊಂಡ. ಧರ್ಮ, ಇತಿಹಾಸ ಮಾಸ್ತರರ ಕಡೆ ಬಂದವು. ರಾಶಿಭವಿಷ್ಯಕ್ಕೆ ಬಂದಾಗ ಬೆಂಕಿ ಬಿತ್ತು.

"ಪೇಪರ ಜಿನಗೊಂಡಣ್ಣ ಇಟ್ಕೊಳ್ಳಲಿ. ರಾಶಿಭವಿಷ್ಯ ಇರೂ ಹಿಂದಿನ ಪಾನಾ ನನಗ ಬೇಕು" ಎಂದಳು ಕಲ್ಲವ್ವ.

"ಹಿಂದಿನ ಪಾನಾ ಹರದು ಕೊಟ್ರ ಮುಂದಿನ ಪಾನಾ ನಾ ಹ್ಯಾಂಗ ಓದ್ಲಿ?" ಜಿನಗೊಂಡ ಎದ್ದು ನಿಂತ. "ಹೊಲಾ ನಿನಗ, ಬದು ನನಗ ಅಂದಂಗಾತು!"

"ಬದುವಿನ ಮ್ಯಾಲ ಹುಲ್ಲು ಬೆಳೀತೈತಿ. ಅದನ್ನ ತಿನ್ನೂ ದನಾ ನಾನೇನು?"

ಮಾತು ದನದ ತನಕ ಹೋಯಿತು. ಮಾಸ್ತರು ಎರಡೂ ಕೈ ಎತ್ತಿದರು. "ತಡೀರಿ! ವಾಟಣಿಯೊಳಗ ಬಾವಿ ಯಾರಿಗರ ಹರದು ಕೊಟ್ಟೇವೇನು? ಬಾವಿ ಇಬ್ಬರಿಗೂ ಕೂಡಿ. ಇಬ್ಬರೂ ತಮ್ಮ ತಮ್ಮ ದಂಡಿಯಿಂದ ನೀರು ಸೇದಬೇಕು. ವಿಕಾಸ, ರಾಶಿಭವಿಷ್ಯದ್ದು ಇನ್ನೊಂದು ಚೀಟಿ ಬರಿ. ಒಂದು ಇಲ್ಲಿಡು, ಒಂದು ಅಲ್ಲಿಡು."

ಮೂಲೆಯಲ್ಲಿ ಪೆನ್ಸಿಲ್ ಮೊನೆ ಮುರಿಯಿತು. ಮ್ಯಾಡಮ್ ಚೀಲದಿಂದ ಇನ್ನೊಂದನ್ನು ತೆಗೆದರು.

ಎಲ್ಲ ಮುಗಿದು, ಒಂದೊಂದು ಪಾಲಿನ ಮೇಲೂ ಅವರವರ ಹೆಸರು ಬರೆದಿಟ್ಟ ಮೇಲೆ ಜಮಖಾನೆಯ ನಡುವೆ ಮೂರೇ ಚೀಟಿ ಉಳಿದವು. ಅಧ್ಯಕ್ಷರ ಫೋಟೋ, ಅಧ್ಯಕ್ಷರ ಸಂದೇಶ, ಅಧ್ಯಕ್ಷರ ಸತ್ಕಾರ. ಜಿನಗೊಂಡ ಅವನ್ನು ಕಾಲಿನಿಂದ ಮೆಲ್ಲಗೆ ವಿಕಾಸನ ಕಡೆ ಸರಿಸಿದ. ವಿಕಾಸ ಕಲ್ಲವ್ವನ ಕಡೆ ಸರಿಸಿದ. ಕಲ್ಲವ್ವ ಸೆರಗಿನಿಂದ ಹಿಡಿದೆತ್ತಿ ಮಾಸ್ತರರ ಮುಂದಿಟ್ಟಳು.

"ನನಗೂ ಬ್ಯಾಡವ್ವಾ" ಎಂದರು ಮಾಸ್ತರು. "ಆದ್ರ ಯಾರರ ಒಬ್ಬರು ಸಂಭಾಳಸಬೇಕಲಾ. ಪ್ರತಿ ಮನ್ಯಾಗೂ ಒಂದು ಮುದಿ ಎಮ್ಮಿ ಇರತೈತಿ. ಹಾಲಿಲ್ಲ, ಹೈನಿಲ್ಲ, ಮೇವು ಮಾತ್ರ ಬೇಕು. ಹಂಗಂತ ಹೊರಗ ಹಾಕಾಕ ಬರತೈತೇನು?"

"ಯಾರು ಮುದಿ ಎಮ್ಮಿ?"

ಬಾಗಿಲಲ್ಲಿ ಬಾಬಾಸಾಹೇಬರು ನಿಂತಿದ್ದರು. ಒಂದು ಕೈಯಲ್ಲಿ ಮ್ಯಾಡಮ್ ಸತ್ಕಾರಕ್ಕೆ ಶಾಲು, ಇನ್ನೊಂದರಲ್ಲಿ ತೆಂಗಿನಕಾಯಿ, ಬೆನ್ನ ಹಿಂದೆ ತೋಳು ತೋರುವ ಬನಿಯನ್ ತೊಟ್ಟ ಅಮೋಲ. ಜಮಖಾನೆಯನ್ನೂ, ಹೆಸರು ಬರೆದ ಪಾಲುಗಳನ್ನೂ, ನಡುವೆ ಅನಾಥವಾಗಿ ಬಿದ್ದ ತಮ್ಮ ಫೋಟೋದ ಚೀಟಿಯನ್ನೂ ನೋಡಿದರು. ಮುಖ ಕೆಂಪಾಯಿತು.

"ಕುಂಥು! ಯಾರ ಮುಂದೂ ಆಡಬ್ಯಾಡ ಅಂತ ಹೇಳಿದ್ನೋ ಇಲ್ಲೋ? ಹಾಲ್ ಅಮೋಲಗ ಕೊಡೂದು ಇನ್ನ ಕಮಿಟಿಯೊಳಗ ಪಾಸ್ ಆಗಿಲ್ಲ. ಈಗನ ಇವರಿಗೆಲ್ಲಾ ಹಂಚಾಕ ಕುಂತಿಯೇನು? ಷರಾ ಹ್ಯಾಂಗರ ಬರಲಿ, ಒಂದನೇ ತಾರೀಕಿಗೆ ನಾ ಕೀಲಿ ಹಾಕಾಂವ ಇದ್ದೆ. ನೀ ನನಗಿಂತ ಮೊದಲ ವಾಟಣಿ ಮಾಡಾಕತ್ತೀ!"

ಷರಾ ಹೇಗಾದರೂ ಬರಲಿ? ಕುಂಥುನಾಥ ಇಷ್ಟು ಹೊತ್ತು ಕರವಸ್ತ್ರ ಕಚ್ಚಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ! ಆದರೂ ಇಪ್ಪತ್ತೆರಡು ವರ್ಷದ ರೂಢಿ, ಕರವಸ್ತ್ರ ಉಗುಳಿ ಅಧ್ಯಕ್ಷರ ಮಾನ ಕಾಯಲು ಓಡಿದ.

"ಸಾಹೇಬ್ರ, ಮೆಲ್ಲಕ ಮಾತಾಡ್ರಿ! ಮ್ಯಾಡಮ್‌ಗೆ ಕನ್ನಡ ಬರಂಗಿಲ್ಲ, ಅದೊಂದು ಪುಣ್ಯ!"

"ಬರತೈತ್ರಿ" ಎಂದರು ಮ್ಯಾಡಮ್, ಕುರ್ಚಿಯಿಂದ ಏಳುತ್ತ. "ನಮ್ಮ ತವರಮನಿ ಗಡಹಿಂಗ್ಲಜ್. ನಮ್ಮವ್ವ ನನಗ ಕನ್ನಡದಾಗನ ಬೈದು ಬೆಳಸ್ಯಾಳ. ಮತ್ತ ಇದು ವಾಟಣಿ ಅಲ್ಲ, ವೆಬ್‌ಸೈಟಿನ ಕೆಲಸಾ."

ಬಾಬಾಸಾಹೇಬರ ಕೈಯಿಂದ ತೆಂಗಿನಕಾಯಿ ಜಾರಿತು. ಅಮೋಲ ಹಿಡಿದ, ಆ ದಿನ ಅವನಿಂದಾದ ಉಪಕಾರ ಅದೊಂದೇ.

"ಹಂಗಾರ ಇದು ವಾಟಣಿ ಅಂತ ನಾವು ತಿಳಕೊಂಡಿದ್ದು ನಿಮಗ ಮೊದಲ ಗೊತ್ತಿತ್ತು?" ಮಾಸ್ತರು ಬೆರಗಾಗಿ ಕೇಳಿದರು. "ಹೇಳಬೇಕಿಲ್ಲೇನವ್ವಾ?"

"ನಡುವ ಬಾಯಿ ಹಾಕಬಾರ್ದಲ್ರಿ" ಎಂದು ಮ್ಯಾಡಮ್ ನಕ್ಕರು. "ಸುಮ್ಮನ ಅಭಿಪ್ರಾಯ ಕೇಳಿದ್ರ ನೀವೆಲ್ಲಾ 'ಭಾಳ ಛಲೋ ಐತಿ' ಅಂತ ಚಹಾ ಕುಡದು ಹೋಗತಿದ್ರಿ. ಜಿಲ್ಲಾ ತುಂಬ ಹಂಗ ಆಗೈತಿ. ತಮ್ಮ ಪಾಲು ಅಂದಕೂಡಲೆ ಒಂದೊಂದು ಚೀಟಿಗೂ ಹೊಡದಾಡಿದ್ರಿ. ಈಗ ಹೇಳ್ರಿ, ಕೆಮ್ಮಿಗೆ ಕಷಾಯದ ಪುಸ್ತಕಾ ಎಲ್ಲಿ ಸಿಗತೈತಿ?"

"ಕಲ್ಲವ್ವನ ಕಡೆ" ಎಂದರು ಎಲ್ಲರೂ ಒಟ್ಟಿಗೆ.

"ನಾಳಿ ಮಾರ್ಕೆಟ್ ದರ?"

"ಜಿನಗೊಂಡನ ಕಡೆ!"

"ಇದನ್ನ ಹಂಗ ವೆಬ್‌ಸೈಟಿಗೆ ಹಾಕ್ರಿ ಕುಂಥುನಾಥ. ಹೆಸರೂ ಇವ ಇರಲಿ." ಮ್ಯಾಡಮ್ ಷರಾ ಪುಸ್ತಕದಲ್ಲಿ ಎರಡು ಪುಟ ಬರೆದು, ಶಾಲು ಹೊದಿಸಿಕೊಳ್ಳದೆ ಹೋದರು.

ಷರಾ ಉತ್ತಮವಾಗಿತ್ತು. ಆದರೆ ಕಮಿಟಿ ಬಾಬಾಸಾಹೇಬರದು, ಕೀಲಿಯೂ ಅವರದು. "ಅಧಿಕಾರಿ ಬರತಾರ, ಬದಲಿ ಆಗಿ ಹೋಗತಾರ. ಒಂದನೇ ತಾರೀಕು ಮಾತ್ರ ತಪ್ಪಂಗಿಲ್ಲ" ಎಂದು ಹೇಳಿಕಳಿಸಿದರು. ಕುಂಥುನಾಥ ಊಟ ಬಿಟ್ಟ. ಪ್ರಿಯದರ್ಶನಿ ಮಾತ್ರ ಎರಡೇ ದಿನದಲ್ಲಿ ವೆಬ್‌ಸೈಟ್ ಬದಲಿಸಿದಳು. ಮೇಲ್ಗಡೆ ಹೊಸ ಬಾಗಿಲುಗಳು: ಕಲ್ಲವ್ವ, ಜಿನಗೊಂಡ, ವಿಕಾಸ, ಬಾಳಗೊಂಡ ಮಾಸ್ತರ. ಲೂಮಿನ ಹೆಂಗಸರೆಲ್ಲ ಫೋನಿನಲ್ಲಿ ಕಲ್ಲವ್ವನನ್ನು ಒತ್ತಿ ಒತ್ತಿ ನೋಡಿದರು.

ಆ ವಾರ ಹಾತಕಣಂಗಲೆಯಲ್ಲಿ ಒಂದು ಮದುವೆ. ಪಂಕ್ತಿಯಲ್ಲಿ ಬೀಗರೊಬ್ಬರು ಫೋನ್ ತೋರಿಸಿ, "ಸಾಹೇಬ್ರ, ನಿಮ್ಮ ವಾಚನಾಲಯದ ಕಲ್ಲವ್ವ ಭಾಳ ದೊಡ್ಡಾಕಿ ಏನ್ರಿ? ಆಕೀ ಹೆಸರು ಮೊದಲ ಐತಿ. ನಿಮ್ಮದು ಎಲ್ಲೂ ಕಾಣವಲ್ದು?" ಎಂದು ಕೇಳಿಬಿಟ್ಟರು. ಬಾಬಾಸಾಹೇಬರಿಗೆ ಜಿಲೇಬಿ ಗಂಟಲಲ್ಲಿ ಸಿಕ್ಕಿತು. ಮರುದಿನ ಬೆಳಿಗ್ಗೆ ಅವರು ವಾಚನಾಲಯದ ಬಾಗಿಲಲ್ಲಿ ಹಾಜರು.

"ನನ್ನ ಹೆಸರು ಹಾಕು."

ಕಳೆದುಕೊಳ್ಳಲು ಇನ್ನೇನೂ ಉಳಿದಿರದವನಿಗೆ ಬರುವ ಧೈರ್ಯ ಕುಂಥುನಾಥನಿಗೂ ಬಂತು. "ನನ್ನ ಕೈಯಾಗಿಲ್ರಿ. ಓದುಗರು ಒಪ್ಪಬೇಕು."

ಮಾಸ್ತರು ಪೇಪರಿನಿಂದ ಕಣ್ಣೆತ್ತದೆ ಹೇಳಿದರು: "ಓದಿದವರಿಗೆ ಪಾಲು, ಬಾಬಾಸಾಹೇಬ. ಏನ ಓದತೀ ನೀನು?"

ಅರವತ್ತೆರಡು ವರ್ಷದಲ್ಲಿ ಅವರನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಸುತ್ತ ನೋಡಿದರು. ಯಾರ ಪಾಲಿಗೂ ಹೋಗದ ಕಪಾಟು ಒಂದೇ, ಚೀಟಿ ಬರೆಯುವಾಗ ಕುಂಥುನಾಥನೂ ಮರೆತಿದ್ದ ಶಿಕಾರಿ ಕಥೆಗಳದು. ಜೈನರೇ ಹೆಚ್ಚಿದ್ದ ಆ ಅಹಿಂಸೆಯ ಓಣಿಯಲ್ಲಿ ಅದನ್ನು ಯಾರೂ ಮುಟ್ಟಿರಲಿಲ್ಲ. ಒಂದು ಪುಸ್ತಕ ಎಳೆದುಕೊಂಡು, ಊರಿಗೆಲ್ಲ ಕಾಣುವಂತೆ ಬಾಗಿಲ ಬಳಿಯ ಬಾಕಿನಲ್ಲಿ ಕೂತರು. ಮೊದಲ ದಿನ ಪುಸ್ತಕ ತಲೆಕೆಳಗಾಗಿತ್ತು. ಎರಡನೆಯ ದಿನ ಓದುವ ಚಾಳೀಸು ಕನ್ನಡಕ ತಂದರು. ಮೂರನೆಯ ದಿನ ಮಧ್ಯಾಹ್ನದ ಊಟಕ್ಕೆ ಮನೆಯಿಂದ ಎರಡು ಸಲ ಕರೆ ಬಂದರೂ ಏಳಲಿಲ್ಲ.

ಒಂದನೇ ತಾರೀಕು ಬಂತು. ಬೆಳಿಗ್ಗೆಯೇ ಟೆಂಪೋ ತುಂಬ ಕಬ್ಬಿಣದ ಸಾಮಾನು ಹೇರಿಕೊಂಡು ಅಮೋಲ ಬಾಗಿಲಿಗೆ ಬಂದ. ಕುಂಥುನಾಥ ಕಪಾಟಿಗೆ ಬೆನ್ನು ಕೊಟ್ಟು ನಿಂತ. ಕಣ್ಣು ತುಂಬಿ ಬಂದಿದ್ದವು. ಕಲ್ಲವ್ವ, ವಿಕಾಸ, ಜಿನಗೊಂಡ ಅವನ ಪಕ್ಕದಲ್ಲಿ ಬಂದು ನಿಂತರು.

"ದೊಡ್ಡಪ್ಪಾ, ಸಾಮಾನ ಇಳಸಲೇನ್ರಿ?" ಎಂದ ಅಮೋಲ.

ಬಾಗಿಲ ಬಳಿಯ ಬಾಕಿನಲ್ಲಿದ್ದ ಬಾಬಾಸಾಹೇಬರು ಪುಸ್ತಕದಿಂದ ತಲೆ ಎತ್ತಲಿಲ್ಲ. ಒಂದು ಕೈ ಮಾತ್ರ ಮೇಲೆತ್ತಿ, ಉಸಿರು ಹಿಡಿದು ಗದರಿದರು:

"ಗಪ್ಪ ಕೂಡ್ರಲೇ! ಹುಲಿ ಗಿಡದ ಬುಡಕ್ಕ ಬಂದೈತಿ!"

ಅಮೋಲ ಗಪ್ಪನೆ ಬಾಕಿನ ಮೇಲೆ ಕೂತ. ಕುಂಥುನಾಥ ಕಣ್ಣೊರೆಸಿಕೊಂಡು, ಸದ್ದಾಗದಂತೆ ಹೋಗಿ, ಅವನ ಮುಂದೆ ಸದಸ್ಯತ್ವದ ಅರ್ಜಿ ಇಟ್ಟ.